ಒಬ್ಬರೇ ಕೂತು ಕನ್ನಡ ಫಾಂಟ್ ಮಾಡುವವರಿಗೆ: ‘ಅ’ದಿಂದ ಶುರು ಮಾಡಬೇಡಿ

ಕನ್ನಡ ಫಾಂಟ್ ಮಾಡಲು ಹೊರಟ ಹೊಸಬರ ಕಡತಗಳನ್ನು ತೆರೆದು ನೋಡಿದರೆ ಬಹುತೇಕ ಒಂದೇ ಕಥೆ. ಅ, ಆ, ಇ, ಈ ಸೊಗಸಾಗಿರುತ್ತವೆ. ‘ಕ’ದಿಂದ ‘ಳ’ದವರೆಗಿನ ಬಿಡಿ ಅಕ್ಷರಗಳಿಗೂ ಹೆಸರಿಡುವಂತಿಲ್ಲ. ‘ರಾಷ್ಟ್ರ’ ಎಂದು ಟೈಪಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ. ಟ-ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ರ-ಒತ್ತು ಎಲ್ಲೋ ತೇಲುತ್ತದೆ, ಬಾಲ ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ. ಚಿತ್ರ ಬರೆಯುವ ಕೈ ಚೆನ್ನಾಗಿಯೇ ಇದೆ. ಕೆಟ್ಟದ್ದು ಕೆಲಸದ ಅನುಕ್ರಮ.

ಕನ್ನಡ ಫಾಂಟಿನ ಹಣೆಬರಹ ನಿರ್ಧಾರವಾಗುವುದು ಅಕ್ಷರದ ಅಡಿಗೆರೆಯ ಕೆಳಗೆ, ಗುಣಿತದ ಕೀಲುಗಳಲ್ಲಿ. ಅದನ್ನು ಕೊನೆಗೆ ಬಿಟ್ಟವರು ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದೆ. ಸಂಸ್ಥೆಯ ಬೆಂಬಲವಿಲ್ಲದೆ ಒಬ್ಬರೇ ಕೂತು, ಪುಸ್ತಕ–ಪತ್ರಿಕೆಯ ಪಠ್ಯಕ್ಕೆ ಒದಗುವ ಒಂದು ಫಾಂಟನ್ನು ಒಂದೇ ದಪ್ಪದಲ್ಲಿ ಮಾಡುವವರಿಗಾಗಿ ಈ ಕ್ರಮವನ್ನು ಬರೆದಿದ್ದೇನೆ. ಶೀರ್ಷಿಕೆಗೆ ಮಾತ್ರ ಬಳಸುವ ಅಲಂಕಾರದ ಫಾಂಟಿಗೆ ಇಷ್ಟು ಕಟ್ಟುನಿಟ್ಟು ಬೇಡ.

## ಬೇಕಾದ ಸಲಕರಣೆ

ಫಾಂಟ್ ಸಂಪಾದಕ ತಂತ್ರಾಂಶ ಒಂದು ಬೇಕು. ಫಾಂಟ್‌ಫೋರ್ಜ್ ಉಚಿತ, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಮುಖ ಮಾತ್ರ ಸ್ವಲ್ಪ ಒರಟು. ಗ್ಲಿಫ್ಸ್ ಹಣ ಕೊಟ್ಟು ಕೊಳ್ಳಬೇಕಾದದ್ದು, ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ. ಫಾಂಟ್‌ಲ್ಯಾಬ್ ವಿಂಡೋಸ್‌ಗೂ ಸಿಗುತ್ತದೆ, ಅದಕ್ಕೂ ಹಣ ತೆರಬೇಕು. ಮೊದಲ ಫಾಂಟಿಗೆ ಫಾಂಟ್‌ಫೋರ್ಜ್ ಸಾಕು. ದುಬಾರಿ ತಂತ್ರಾಂಶ ಕೊಂಡ ಮಾತ್ರಕ್ಕೆ ಒತ್ತು ಸರಿಯಾದ ಜಾಗದಲ್ಲಿ ಕೂರುವುದಿಲ್ಲ.

ಜೊತೆಗೆ ಹಾರ್ಫ್‌ಬಝ್ ಸಲಕರಣೆಗಳನ್ನು ಹಾಕಿಕೊಳ್ಳಿ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡವನ್ನು ಜೋಡಿಸುವುದು ಇದೇ ಎಂಜಿನ್. ಕಮಾಂಡ್ ಸಾಲಿನಲ್ಲಿ ಒಂದು ಪದ ಕೊಟ್ಟರೆ ನಿಮ್ಮ ಫಾಂಟಿನ ಯಾವ ಯಾವ ಆಕೃತಿಗಳನ್ನು ಯಾವ ಕ್ರಮದಲ್ಲಿ ಹಾಕಿತು ಎಂದು ಬಿಡಿಸಿ ಹೇಳುತ್ತದೆ. ಗ್ರಾಫ್ ಕಾಗದ, ಚಪ್ಪಟೆ ನಿಬ್ಬಿನ ಪೆನ್ನು ಮತ್ತು ಲೇಸರ್ ಪ್ರಿಂಟರ್ ಕೈಗೆಟಕುವಂತಿರಲಿ. ಪ್ರಿಂಟರ್ ಇಲ್ಲದಿದ್ದರೆ ಹತ್ತಿರದ ಜೆರಾಕ್ಸ್ ಅಂಗಡಿಯಾದರೂ ಸರಿ. ಪರದೆಯನ್ನು ಮಾತ್ರ ನೋಡಿ ಪಠ್ಯದ ಫಾಂಟ್ ಮಾಡಲಾಗದು.

ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ – ಇವೆಲ್ಲ ಮುಕ್ತ ಪರವಾನಗಿಯ ಫಾಂಟ್‌ಗಳು. ಇಳಿಸಿಕೊಂಡು ಸಂಪಾದಕದಲ್ಲಿ ತೆರೆಯಿರಿ. ಚಂದ ನೋಡಲು ಅಲ್ಲ: ‘ತ್ತ’ದ ಒತ್ತಿಗೆ ಎಷ್ಟು ಅಗಲ ಕೊಟ್ಟಿದ್ದಾರೆ, ‘ಮಿ’ಗೆ ಬೇರೆ ಆಕೃತಿ ಬರೆದಿದ್ದಾರೆಯೇ ಎಂದು ನೋಡಲು.

## ಹಂತ 1: ಗೆರೆ ಎಳೆಯುವ ಮೊದಲೇ ಪದಪಟ್ಟಿ

ಒಂದು ಸಾದಾ ಪಠ್ಯ ಕಡತದಲ್ಲಿ ಕಷ್ಟದ ಪದಗಳನ್ನು ಬರೆದಿಟ್ಟುಕೊಳ್ಳಿ. ಫಾಂಟ್ ಹೊರಬೀಳುವವರೆಗೂ ಇದೇ ನಿಮ್ಮ ಪರೀಕ್ಷಾಧಿಕಾರಿ. ನನ್ನ ಪಟ್ಟಿಯಲ್ಲಿ ಖಾಯಂ ಇರುವವು:

ರಾಷ್ಟ್ರ, ಸ್ವಾತಂತ್ರ್ಯ, ಸ್ತ್ರೀ, ಲಕ್ಷ್ಮೀ, ಜ್ಞಾನ, ತ್ರೈಮಾಸಿಕ, ಅಸ್ಪೃಶ್ಯ, ಕರ್ತೃ, ಮೂರ್ತಿ, ಕಾರ್ಯಾಲಯ, ಕಾರ್ತ್ಸ್ನ್ಯ, ಹುಟ್ಟುತ್ತಿದ್ದಳು, ಮೊಮ್ಮಗ, ಯೋಗ್ಯ, ವುದು, ಮಿಂಚು, ಟೆಸ್ಟ್, ಪಾರ್ಕ್, ಸಾಫ್ಟ್‌ವೇರ್, ರ‍್ಯಾಲಿ.

‘ಕಾರ್ತ್ಸ್ನ್ಯ’ವನ್ನು ಯಾರೂ ದಿನಾ ಬರೆಯುವುದಿಲ್ಲ, ನಿಜ. ಆದರೆ ಅರ್ಕಾವತ್ತಿನ ಜೊತೆ ಮೂರು ಒತ್ತುಗಳನ್ನು ಒಂದೇ ಅಕ್ಷರಕ್ಕೆ ಹೊರಿಸುವ ಈ ಪದ ಒಡೆಯದಿದ್ದರೆ ಉಳಿದವು ಒಡೆಯುವ ಸಂಭವ ಕಡಿಮೆ. ಹಾಗೆಯೇ ‘ಟೆಸ್ಟ್’, ‘ಲಿಫ್ಟ್’ನಂಥ ಪದಗಳನ್ನು ಬಿಡಬೇಡಿ. ಇವತ್ತಿನ ಕನ್ನಡ ಪತ್ರಿಕೆಯ ಯಾವ ಪುಟದಲ್ಲೂ ಇವು ಇದ್ದೇ ಇರುತ್ತವೆ. ಸಂಸ್ಕೃತದ ಪದಗಳನ್ನಷ್ಟೇ ಇಟ್ಟುಕೊಂಡು ಪರೀಕ್ಷಿಸಿದವರ ಫಾಂಟ್ ಮೊದಲು ಮುಗ್ಗರಿಸುವುದು ಇಲ್ಲಿಯೇ.

## ಹಂತ 2: ಆಳ ಮೊದಲು, ಎತ್ತರ ಆಮೇಲೆ

ಫಾಂಟಿನ ಚೌಕವನ್ನು, ಅಂದರೆ ಎಲ್ಲ ಅಕ್ಷರಗಳ ಅಳತೆಗೂ ಆಧಾರವಾಗುವ ಚೌಕವನ್ನು, 1000 ಅಳತೆಗೆ ಇಟ್ಟುಕೊಳ್ಳಿ. ಈಗ ಗ್ರಾಫ್ ಕಾಗದದ ಮೇಲೆ ‘ಷ್ಟ್ರ’ವನ್ನು ಪೆನ್ನಿನಲ್ಲಿ ಬರೆಯಿರಿ. ಇಲ್ಲಿ ತೀರ್ಮಾನಿಸಬೇಕಾದದ್ದು ಒಂದೇ: ಎರಡನೆಯ ಒತ್ತು ಮೊದಲನೆಯದರ ಕೆಳಗೆ ಇಳಿಯುತ್ತದೆಯೋ, ಬಲಕ್ಕೆ ಸರಿಯುತ್ತದೆಯೋ? ಕೆಳಗೆ ಇಳಿಸಿದರೆ ಪದ ಅಡಕವಾಗುತ್ತದೆ, ಸಾಲುಗಳ ನಡುವಿನ ಅಂತರ ಮಾತ್ರ ವಿಪರೀತ ಹೆಚ್ಚುತ್ತದೆ. ಪಠ್ಯದ ಫಾಂಟಿನಲ್ಲಿ ಬಲಕ್ಕೆ ಸರಿಸುವುದೇ ಮೇಲು. ಪುಸ್ತಕದವರು ಕಾಗದ ಉಳಿಸಲು ಸಾಲುಗಳನ್ನು ಒತ್ತಿಯೇ ಒತ್ತುತ್ತಾರೆ. ಆಗ ಕೆಳಗೆ ಜೋತುಬಿದ್ದ ಎರಡನೆಯ ಒತ್ತಿಗೆ ಉಳಿಗಾಲವಿಲ್ಲ.

ನಂತರ ನಾಲ್ಕು ಗೆರೆ ಹಾಕಿ: ಅಡಿಗೆರೆ, ಅಕ್ಷರದ ಮೈಯ ಮೇಲ್ಗೆರೆ, ಗುಡಿಸು–ಎತ್ವಗಳ ತುದಿ, ಒತ್ತಿನ ತಳ. ಮೈಗೆ 520ರಿಂದ 560ರವರೆಗೆ ಇಟ್ಟು ಶುರುಮಾಡಿದರೆ ಕೆಳಗೆ ಒತ್ತಿಗೆ ಉಸಿರಾಡಲು ಜಾಗ ಸಿಗುತ್ತದೆ. ಮೈಯನ್ನು 650ಕ್ಕೆ ಏರಿಸಿ ‘ನನ್ನ ಫಾಂಟ್ ದೊಡ್ಡದಾಗಿ ಕಾಣುತ್ತದೆ’ ಎಂದು ಖುಷಿಪಟ್ಟರೆ ಒತ್ತುಗಳು ಇರುವೆಗಳಾಗುತ್ತವೆ.

ಎತ್ತರ–ಆಳದ ಲೆಕ್ಕವನ್ನು ಫಾಂಟ್ ತನ್ನೊಳಗೆ ಮೂರು ಕಡೆ ಬರೆದಿಟ್ಟುಕೊಂಡಿರುತ್ತದೆ: ಎಚ್‌ಎಚ್‌ಇಎ, ಟೈಪೋ, ವಿನ್. ಮೊದಲೆರಡು ಒಂದೇ ಅಂಕಿಯಲ್ಲಿರಲಿ, ಸಾಲಿನ ಹೆಚ್ಚುವರಿ ಅಂತರ ಸೊನ್ನೆಯಾಗಿರಲಿ. ಮೂರನೆಯದು ನಿಮ್ಮ ಪದಪಟ್ಟಿಯ ಅತಿ ಎತ್ತರದ ಮತ್ತು ಅತಿ ಆಳದ ತುದಿಗಳನ್ನು ಒಳಗೊಳ್ಳಬೇಕು.

ಎಚ್ಚರಿಕೆಯ ಸೂಚನೆ: ಮ್ಯಾಕ್‌ನಲ್ಲಿ ಸರಿಯಾಗಿ ಕಾಣುವ ಒತ್ತಿನ ತಳ ವಿಂಡೋಸ್‌ನಲ್ಲಿ ಚಾಕುವಿನಿಂದ ಕೊಯ್ದಂತೆ ಸಮನಾಗಿ ಕತ್ತರಿಸಿಹೋಗಿದ್ದರೆ ಅದು ಚಿತ್ರದ ತಪ್ಪಲ್ಲ, ವಿನ್ ಅಂಕಿ ಸಾಲದು.

## ಹಂತ 3: ಆರು ಅಕ್ಷರ, ನಾಲ್ಕು ಚಿಹ್ನೆ, ಎರಡು ಒತ್ತು

ಈಗಲೂ ‘ಅ’ ಬೇಡ. ರ, ವ, ನ, ದ, ಲ, ಕ – ಈ ಆರು ಅಕ್ಷರ. ಇಳಿ, ಗುಡಿಸು, ಕೊಂಬು, ಎತ್ವ – ಈ ನಾಲ್ಕು ಚಿಹ್ನೆ. ನ ಮತ್ತು ಲ ಒತ್ತು. ಇಷ್ಟರಲ್ಲಿಯೇ ‘ಕುದುರೆ’, ‘ದನಕರು’, ‘ನಲಿವು’, ‘ಕಲ್ಲಿನ’, ‘ನಾವಿಕ’, ‘ಕನ್ನೆ’ ಬರೆಯಬಹುದು. ಫಾಂಟಿನ ದಪ್ಪ, ದುಂಡು, ತಲೆಕಟ್ಟಿನ ಗತ್ತು ಎಲ್ಲವನ್ನೂ ಇಲ್ಲಿಯೇ ತೀರ್ಮಾನಿಸಿ. ಇಲ್ಲಿ ತಿದ್ದಿದರೆ ಹತ್ತಾರು ಆಕೃತಿಗಳ ಕೆಲಸ. ಆಮೇಲೆ ತಿದ್ದಿದರೆ ನೂರಾರು.

‘ರ’ವನ್ನು ಬರೆಯುವಾಗ ಇಂಗ್ಲಿಷಿನ ‘ಓ’ ಅಕ್ಷರವನ್ನು ತಂದು ಅದರ ನೆತ್ತಿಯ ಮೇಲೆ ತಲೆಕಟ್ಟು ಅಂಟಿಸುವವರಿದ್ದಾರೆ. ಎಷ್ಟು ತಿದ್ದಿದರೂ ಅದು ಪರಕೀಯವಾಗಿಯೇ ಉಳಿಯುತ್ತದೆ, ಏಕೆಂದರೆ ಕನ್ನಡದ ದುಂಡಿಗೆ ತೂಕ ಬೇರೆ ಕಡೆ ಬೀಳುತ್ತದೆ. ಚಪ್ಪಟೆ ನಿಬ್ಬಿನಲ್ಲಿ ಒಂದು ಪುಟ ಬರೆದು, ಗೆರೆ ಎಲ್ಲಿ ದಪ್ಪವಾಯಿತು, ಎಲ್ಲಿ ಸಣ್ಣದಾಯಿತು ಎಂದು ಗುರುತು ಮಾಡಿ, ಆ ಗುರುತನ್ನು ನೋಡಿಕೊಂಡು ಪರದೆಯಲ್ಲಿ ಬರೆಯಿರಿ. ಸ್ಕ್ಯಾನ್ ಮಾಡಿದ ಚಿತ್ರವನ್ನು ತಾನಾಗಿಯೇ ಗೆರೆಯಾಗಿ ಪರಿವರ್ತಿಸುವ ಸೌಲಭ್ಯ ಬಳಸಬೇಡಿ. ಒಂದು ‘ಕ’ಕ್ಕೆ ಅಗತ್ಯಕ್ಕಿಂತ ಎಷ್ಟೋ ಪಟ್ಟು ಬಿಂದುಗಳು ಬಂದು ಕೂರುತ್ತವೆ. ದುಂಡಿನ ನಾಲ್ಕು ತುದಿಗಳಲ್ಲಿ – ಮೇಲೆ, ಕೆಳಗೆ, ಎಡ, ಬಲ – ಬಿಂದುವಿದ್ದರೆ ಬಹುತೇಕ ಸಾಕು.

ಅಕ್ಷರಗಳ ನಡುವಿನ ಅಂತರವನ್ನೂ ಈಗಲೇ ಹೊಂದಿಸಿ. ‘ರರವರರ’, ‘ರರನರರ’ ಎಂದು ಸಾಲುಸಾಲು ಬರೆದು ಅಚ್ಚು ಹಾಕಿ, ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡಿ. ಓದಲು ಬಾರದಂತಾದಾಗ ಕಣ್ಣು ಬಿಳಿಯ ಜಾಗವನ್ನು ಮಾತ್ರ ನೋಡುತ್ತದೆ. ಎಲ್ಲೋ ಒಂದೆಡೆ ಕಪ್ಪು ಗಂಟು ಕಟ್ಟಿದ್ದರೆ ಅಲ್ಲಿ ತಿದ್ದಿ.

## ಹಂತ 4: ಗುಣಿತದ ಕೀಲುಗಳು

ಹೆಚ್ಚು ಹೊತ್ತು ಬೇಡುವ ಹಂತ ಇದು, ಹೆಚ್ಚು ಜನ ಹಾರಿಸಿಬಿಡುವ ಹಂತವೂ ಇದೇ.

ಕನ್ನಡದಲ್ಲಿ ಗುಡಿಸು ಅಥವಾ ಎತ್ವ ಬಂದರೆ ತಲೆಕಟ್ಟು ಹೋಗುತ್ತದೆ. ‘ಕ’ದ ಮೇಲೆ ಗುಡಿಸನ್ನು ಹಾಗೆಯೇ ಇಟ್ಟರೆ ‘ಕಿ’ ಆಗುವುದಿಲ್ಲ. ಆದ್ದರಿಂದ ಪ್ರತಿ ವ್ಯಂಜನಕ್ಕೂ ತಲೆಕಟ್ಟಿಲ್ಲದ ಮೈಯನ್ನು ಬೇರೆಯಾಗಿ ಬರೆದಿಡಿ. ಒಟ್ಟು 34 ವ್ಯಂಜನ. ಪೂರ್ಣ ರೂಪ, ತಲೆಕಟ್ಟಿಲ್ಲದ ಮೈ, ಗುಡಿಸು ಸೇರಿದ್ದು, ಪೊಳ್ಳು (‘ಕ್’ನಲ್ಲಿರುವಂತೆ ಸ್ವರವಿಲ್ಲವೆಂದು ತೋರಿಸುವ ಚಿಹ್ನೆ) ಸೇರಿದ್ದು, ಒತ್ತು – ಐದೈದರಂತೆ 170 ಆಕೃತಿ. ಅದರ ಮೇಲೆ ಸ್ವರಗಳು, ಕ್ಷ–ಜ್ಞ, ಅಂಕಿ, ವಿರಾಮಚಿಹ್ನೆ, ವಿಶೇಷ ಜೋಡಣೆಗಳು. ಕೆಲಸ ಎಷ್ಟಿದೆ ಎಂದು ಈಗಲೇ ಅಂದಾಜು ಸಿಕ್ಕಿತಲ್ಲ.

ಖ, ಜ, ಟ, ಣ, ಬ, ಲ – ಇವಕ್ಕೆ ತಲೆಕಟ್ಟೇ ಇಲ್ಲ. ಇವುಗಳ ಇಳಿ ಮತ್ತು ಗುಡಿಸು ಕೂಡುವ ಜಾಗವೇ ಬೇರೆ. ‘ಕಾ’ದ ಇಳಿಯನ್ನು ತಂದು ‘ಬಾ’ಕ್ಕೆ ಅಂಟಿಸಿದರೆ ಕೀಲು ಬಿಟ್ಟ ಬಾಗಿಲಿನಂತೆ ಜೋತಾಡುತ್ತದೆ. ಈ ಗುಂಪಿಗೆ ಒಂದೊಂದನ್ನೂ ಕೈಯಿಂದ ಕೂಡಿಸಿ ಬರೆಯಿರಿ.

‘ವು’ ನೋಡಿ. ‘ವ’ದ ಬಲಕ್ಕೆ ಮಾಮೂಲಿ ಕೊಂಬು ಹಾಕಿದರೆ ಅದು ‘ಮ’ ಎಂದೇ ಓದಿಸಿಕೊಳ್ಳುತ್ತದೆ. ಅದಕ್ಕೇ ‘ವು’, ‘ಪು’, ‘ಫು’ಗಳಲ್ಲಿ ಕೊಂಬು ಅಡಿಯಿಂದ ಹೊರಡುತ್ತದೆ. ಇದಕ್ಕೊಂದು ಬೇರೆ ಕೊಂಬು ಬೇಕು. ‘ವೂ’, ‘ಪೂ’ಗಳಿಗೂ ಅದೇ ರೀತಿಯ ಇನ್ನೊಂದು.

ಇನ್ನು ‘ಮಿ’. ಇಲ್ಲಿ ಗುಡಿಸು ‘ಮ’ದ ತುದಿಗೆ ಏರುವುದಿಲ್ಲ, ಒಳಗಿನ ‘ವ’ದಂಥ ಭಾಗದ ಮೇಲೆ ಕೂತು, ಬಾಲ ಬಲಕ್ಕೆ ಹಾಗೆಯೇ ಉಳಿಯುತ್ತದೆ. ಯ, ಝಗಳದ್ದೂ ಇದೇ ನಡೆ. ‘ಮೊ’, ‘ಯೊ’ಗಳಲ್ಲಿ ಬಾಲಕ್ಕೆ ಬಾಲ ಸೇರುತ್ತದೆ. ‘ಮ’ ಹೀಗೆ ‘ವ’ಕ್ಕೆ ಕೊಂಬು ಸೇರಿಸಿದಂತೆ ಕಾಣುವುದರಿಂದಲೇ, ಅಕ್ಷರಗಳಿಗೆ ಸಂಕೇತ ಕೊಡುವ ಹಳೆಯ ಎನ್‌ಕೋಡಿಂಗ್‌ಗಳಿಂದ ಯೂನಿಕೋಡ್‌ಗೆ ಬಂದ ಪಠ್ಯಗಳಲ್ಲಿ ‘ಮಿ’ ಇರಬೇಕಾದ ಕಡೆ ‘ವ’, ಗುಡಿಸು, ಕೊಂಬು ಮೂರೂ ಬಿಡಿಬಿಡಿಯಾಗಿ ಕೂತಿರುವುದುಂಟು. ಕೆಲವರು ಉಪಕಾರವೆಂದುಕೊಂಡು ಅಂಥ ಸಾಲನ್ನೂ ‘ಮಿ’ ಎಂದು ತೋರಿಸುವ ನಿಯಮವನ್ನು ಫಾಂಟಿಗೆ ಸೇರಿಸುತ್ತಾರೆ. ದಯವಿಟ್ಟು ಸೇರಿಸಬೇಡಿ. ಕಣ್ಣಿಗೆ ಸರಿ ಕಂಡ ತಪ್ಪನ್ನು ಯಾರೂ ತಿದ್ದುವುದಿಲ್ಲ, ಹುಡುಕಿದರೂ ಪದ ಸಿಗುವುದಿಲ್ಲ.

ದೀರ್ಘದ ಚಿಹ್ನೆ ಮತ್ತು ಐತ್ವದ ಕೆಳಗಿನ ತುಂಡು – ಈ ಎರಡಕ್ಕೂ ಯೂನಿಕೋಡ್‌ನಲ್ಲಿ ತಮ್ಮದೇ ಸ್ಥಾನಗಳಿವೆ, ಫಾಂಟಿನಲ್ಲಿ ಅವು ಇರಲೇಬೇಕು. ‘ಕೀ’, ‘ಕೇ’, ‘ಕೈ’, ‘ಕೋ’ಗಳನ್ನು ಜೋಡಣೆಯ ಎಂಜಿನ್ ತುಂಡುಮಾಡಿಯೇ ಫಾಂಟಿಗೆ ಒಪ್ಪಿಸುತ್ತದೆ. ‘ಸ್ತ್ರೀ’ಯಲ್ಲಿ ಒತ್ತುಗಳೆಲ್ಲ ಮುಗಿದ ಮೇಲೆ ದೀರ್ಘ ಬರುತ್ತದೆ, ‘ತ್ರೈ’ಯಲ್ಲಿ ಒತ್ತು ಮತ್ತು ಐತ್ವದ ತುಂಡು ಎರಡೂ ಕೆಳಗಿನ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಐತ್ವದ ತುಂಡನ್ನು ಬಲಕ್ಕೆ ತಳ್ಳಿ ಜಗಳ ಬಿಡಿಸಿ.

## ಹಂತ 5: ಒತ್ತುಗಳು

ತ, ನ, ಮ, ಯ, ರ, ಲ – ಈ ಆರರ ಒತ್ತುಗಳು ತಾಯಕ್ಷರವನ್ನು ಹೋಲುವುದಿಲ್ಲ, ಹಾಗಾಗಿ ಹೊಸದಾಗಿಯೇ ಬರೆಯುತ್ತೀರಿ. ಎಡವಟ್ಟಾಗುವುದು ಉಳಿದವುಗಳಲ್ಲಿ. ‘ಟ’ವನ್ನು ನಕಲು ಮಾಡಿ ಶೇಕಡಾ 60ಕ್ಕೆ ಕುಗ್ಗಿಸಿದರೆ ಗೆರೆಯ ದಪ್ಪವೂ 60ಕ್ಕೆ ಕುಗ್ಗುತ್ತದೆ. 9 ಪಾಯಿಂಟಿನಲ್ಲಿ ಅಚ್ಚಾದಾಗ ಮೇಲಿನ ಅಕ್ಷರ ಕಪ್ಪಗೆ, ಒತ್ತು ಬೂದುಬಣ್ಣಕ್ಕೆ ಕಾಣುತ್ತದೆ. ಕುಗ್ಗಿಸಿದ್ದನ್ನು ಹಿನ್ನೆಲೆಗೆ ಹಾಕಿಕೊಂಡು, ಗೆರೆಯ ದಪ್ಪ ಮೇಲಿನದರ ಶೇಕಡಾ 85–90ರಷ್ಟು ಇರುವಂತೆ ಮತ್ತೆ ಬರೆಯಿರಿ, ಒಳಗಿನ ಸಣ್ಣ ಸುರುಳಿಗಳನ್ನು ಸ್ವಲ್ಪ ಬಿಡಿಸಿ.

ಮುಂದಿನ ಪ್ರಶ್ನೆ ಅಗಲದ್ದು. ಒತ್ತಿಗೆ ಅಗಲವನ್ನೇ ಕೊಡದೆ ಅಕ್ಷರದ ಕೆಳಗೆ ತೂಗುಹಾಕಿದರೆ ‘ಅಮ್ಮನ’ ಚೆನ್ನಾಗಿ ಕಾಣುತ್ತದೆ. ಆದರೆ ‘ಹುಟ್ಟುತ್ತಿದ್ದಳು’ ಬರೆದು ನೋಡಿ: ಟ, ತ, ದ ಮೂರು ಒತ್ತುಗಳು ಬೆನ್ನುಬೆನ್ನಿಗೆ ಬಂದು ಒಂದರ ಮೇಲೊಂದು ಏರುತ್ತವೆ. ಪೂರ್ತಿ ಅಗಲ ಕೊಟ್ಟರೆ ಈ ಪದ ಸರಿಹೋಗಿ ‘ಅಮ್ಮನ’ದಲ್ಲಿ ‘ನ’ ದೂರ ಸರಿದು, ಪದವೇ ಎರಡಾದಂತೆ ಕಾಣುತ್ತದೆ. ನಾನು ಅನುಸರಿಸುವ ದಾರಿ ಇದು: ಒತ್ತು ಅಕ್ಷರದ ಬಲಗಡೆಯ ಅಡಿಗೆ ಸ್ವಲ್ಪ ನುಗ್ಗುವಂತೆ ಇಟ್ಟು, ಹೊರಚಾಚಿದ ಭಾಗಕ್ಕೆ ಮಾತ್ರ ಅಗಲ ಕೊಡುವುದು, ಮುಂದಿನ ಅಕ್ಷರಕ್ಕೆ ಒತ್ತಿಲ್ಲದಿದ್ದರೆ ಅದನ್ನು ಒತ್ತಿನ ಮೇಲಕ್ಕೆ ಎಳೆದುಕೊಳ್ಳುವ ಸಾಂದರ್ಭಿಕ ನಿಯಮ ಬರೆಯುವುದು. ‘ವು’, ‘ಪು’ಗಳ ಕೊಂಬೂ ಕೆಳಗಿಳಿಯುವುದರಿಂದ ಅವನ್ನೂ ಒತ್ತುಳ್ಳವರ ಪಟ್ಟಿಗೇ ಸೇರಿಸಿ.

ಅರ್ಕಾವತ್ತು ಬರುವುದು ಅಕ್ಷರದ ಕೊನೆಯಲ್ಲಿ. ‘ಕಾರ್ಯಾಲಯ’ದಲ್ಲಿ ಇಳಿಯ ಆಚೆಗೆ, ‘ಕರ್ತೃ’ವಿನಲ್ಲಿ ವಟ್ರಸುಳಿಯ ಪಕ್ಕಕ್ಕೆ, ‘ಪಾರ್ಕ್’ನಲ್ಲಿ ಪೊಳ್ಳಿನ ಬಲಕ್ಕೆ. ಕನ್ನಡದ ಒಂಬತ್ತರ ಅಂಕಿಗೂ ಇದಕ್ಕೂ ಮುಖ ಹತ್ತಿರ ಹತ್ತಿರ; ಅಂಕಿಯನ್ನೇ ನಕಲು ಹೊಡೆಯದೆ ಇದನ್ನು ತುಸು ಚಿಕ್ಕದಾಗಿ ಬೇರೆಯೇ ಬರೆಯಿರಿ.

## ಹಂತ 6: ಜೋಡಣೆಯ ನಿಯಮಗಳು

ಇಲ್ಲಿಯವರೆಗೆ ಇದ್ದದ್ದು ಬರಿಯ ಚಿತ್ರಗಳು. ಅವು ಅಕ್ಷರವಾಗುವುದು ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ನಿಯಮಗಳಿಂದ. ನಿಯಮಗಳ ಹೆಸರು ನಾಲ್ಕು ನಾಲ್ಕು ಅಕ್ಷರದ ಚೀಟಿಗಳು, ಕ್ರಮ ಹೀಗಿರಲಿ:

1. ಎಕೆಎಚ್‌ಎನ್: ಕ್ಷ, ಜ್ಞ. ಇವು ಮೊದಲು ಕೂಡಿಕೊಳ್ಳಬೇಕು, ಇಲ್ಲದಿದ್ದರೆ ‘ಕ’ದ ಕೆಳಗೆ ಷ-ಒತ್ತು ಬಂದು ಕೂರುತ್ತದೆ.
2. ಆರ್‌ಪಿಎಚ್‌ಎಫ್: ‘ರ’ ಮತ್ತು ಪೊಳ್ಳು ಸೇರಿ ಅರ್ಕಾವತ್ತು.
3. ಬಿಎಲ್‌ಡಬ್ಲ್ಯುಎಫ್: ಪೊಳ್ಳು ಮತ್ತು ವ್ಯಂಜನ ಸೇರಿ ಒತ್ತು.
4. ಇವುಗಳ ನಂತರ ಗುಡಿಸು, ಎತ್ವ, ಕೊಂಬು, ಪೊಳ್ಳುಗಳ ಕೂಡಿಕೆ. ಕಟ್ಟಕಡೆಗೆ ಅಂತರದ ನಿಯಮಗಳು.

ನಿಯಮಗಳು ಯಾವ ಲಿಪಿಗೆ ಎಂದು ಹೇಳುವ ಚೀಟಿಯೂ ಒಂದಿದೆ. ಅದರಲ್ಲಿ ಕೆಎನ್‌ಡಿ2 ಹೊಸದು, ಕೆಎನ್‌ಡಿಎ ಹಳೆಯದು. ಹೊಸದರಲ್ಲಿ ಒತ್ತಿನ ನಿಯಮಕ್ಕೆ ಪೊಳ್ಳು ಮೊದಲು, ವ್ಯಂಜನ ಆಮೇಲೆ, ಹಳೆಯದರಲ್ಲಿ ತಿರುಗುಮುರುಗು. ಹಳೆಯ ಪಾಠ ನೋಡಿಕೊಂಡು ಹೊಸ ಚೀಟಿ ಹಾಕಿದರೆ ಒಂದು ಒತ್ತೂ ಮೂಡುವುದಿಲ್ಲ. ಇನ್ನೊಂದು: ನಿಯಮಗಳನ್ನು ‘ಕನ್ನಡ ಭಾಷೆ’ ಎಂಬುದರ ಅಡಿಯಲ್ಲಿ ಮಾತ್ರ ನೋಂದಾಯಿಸಿದರೆ ಭಾಷೆ ಗುರುತಿಸದ ಆ್ಯಪ್‌ಗಳಲ್ಲಿ ಅವು ಓಡುವುದಿಲ್ಲ. ಪೂರ್ವನಿಯೋಜಿತ ಭಾಷೆಗೂ ನೋಂದಾಯಿಸಿ.

‘ಟೆಸ್ಟ್’ ಪದದಲ್ಲಿ ಪೊಳ್ಳನ್ನು ‘ಟ’ದ ನಂತರ ಟೈಪಿಸುತ್ತೇವೆ, ಕಾಣಬೇಕಾದದ್ದು ‘ಸ’ದ ಮೇಲೆ. ನಡುವೆ ಇರುವ ಟ-ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದಾಟಿಹೋಗುವಂತೆ ಕೂಡಿಕೆಯ ನಿಯಮ ಬರೆಯಬೇಕು. ಒತ್ತುಗಳನ್ನು ‘ಗುರುತು’ ವರ್ಗಕ್ಕೆ ಸೇರಿಸಿ, ನಿಯಮದಲ್ಲಿ ಆ ವರ್ಗವನ್ನು ಕಡೆಗಣಿಸುವಂತೆ ಹೇಳಿದರೆ ಆಗುತ್ತದೆ. ‘ಕಲ್ಲಿನ’ದ ಗುಡಿಸಿಗೂ ಇದೇ ಮದ್ದು. ಒಂದು ಎಚ್ಚರ: ಕೆಲವು ಸಂಪಾದಕಗಳು ‘ಗುರುತು’ ವರ್ಗದ ಆಕೃತಿಗಳ ಅಗಲವನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತವೆ. ಕಡತ ಹೊರತೆಗೆದ ಮೇಲೆ ಅಗಲ ಉಳಿದಿದೆಯೇ ಎಂದು ನೋಡಿ.

‘ರ‍್ಯಾಲಿ’ಯನ್ನು ಮರೆಯಬೇಡಿ. ಇಲ್ಲಿ ಅರ್ಕಾವತ್ತು ಬೇಡ, ‘ರ’ಕ್ಕೆ ಯ-ಒತ್ತು ಬೇಕು. ಬರೆಯುವವರು ‘ರ’ ಮತ್ತು ಪೊಳ್ಳಿನ ನಡುವೆ ಕಾಣದ ಕೂಡುಗುರುತೊಂದನ್ನು ಹಾಕಿರುತ್ತಾರೆ. ‘ಸಾಫ್ಟ್‌ವೇರ್’ನಲ್ಲಿ ಹಾಕುವುದು ಕಾಣದ ಬಿಡಿಗುರುತು. ಈ ಎರಡೂ ಖಾಲಿ ಆಕೃತಿಗಳಾಗಿ, ಸೊನ್ನೆ ಅಗಲದಲ್ಲಿ ಫಾಂಟಿನಲ್ಲಿರಲಿ. ಇಲ್ಲದಿದ್ದರೆ ಕೆಲವು ಕಡೆ ಆ ಪದದ ನಡುವೆ ಬೇರೆ ಫಾಂಟ್ ನುಸುಳುತ್ತದೆ, ಇಲ್ಲವೇ ಖಾಲಿ ಡಬ್ಬಿ ಕಾಣುತ್ತದೆ.

## ಹಂತ 7: ಉಳಿದ ಅಕ್ಷರಗಳು

ಈಗ ‘ಅ’ ಬರೆಯಿರಿ. ಗಟ್ಟಿ ತಳಹದಿಯ ಮೇಲೆ ಉಳಿದವು ಬೇಗ ಬರುತ್ತವೆ. ಮಹಾಪ್ರಾಣಗಳ ಹೊಟ್ಟೆ ಸೀಳು, ಒಳಚುಕ್ಕಿ ಮತ್ತು ‘ಷ’ದ ಒಳಗೆರೆಯ ಮೇಲೆ ಕಣ್ಣಿರಲಿ: ದ–ಧ, ಡ–ಢ, ಥ–ಧ, ರ–ಠ, ಪ–ಷ. ಸಣ್ಣ ಗಾತ್ರದಲ್ಲಿ ಮಸಿ ತುಂಬಿ ಸೀಳು ಮುಚ್ಚಿಹೋದರೆ ‘ಧನ’ ‘ದನ’ವಾಗುತ್ತದೆ. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಗಾತ್ರದಲ್ಲಿ ವ್ಯತ್ಯಾಸ ಇರಲಿ. ಱ, ೞ, ಅವಗ್ರಹಗಳನ್ನೂ ಹಾಕಿ. ಹಳಗನ್ನಡ ಅಚ್ಚುಮಾಡುವವರು ನಿಮ್ಮನ್ನು ನೆನೆಯುತ್ತಾರೆ.

ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಸ್ವತಃ ಬರೆಯಲಾಗದಿದ್ದರೆ ಮುಕ್ತ ಪರವಾನಗಿಯ ಫಾಂಟಿನಿಂದ ತೆಗೆದುಕೊಳ್ಳಬಹುದು. ಆದರೆ ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿಯದ್ದನ್ನು ಸೇರಿಸಿದರೆ ನಿಮ್ಮ ಫಾಂಟನ್ನೂ ಅದೇ ಪರವಾನಗಿಯಲ್ಲಿಯೇ ಬಿಡಬೇಕು. ಮಾರಾಟದ ಆಲೋಚನೆ ಇದ್ದವರು ಆ ದಾರಿ ಹಿಡಿಯಬೇಡಿ.

## ಹಂತ 8: ಪರೀಕ್ಷೆ

ಪದಪಟ್ಟಿಯ ಜೊತೆಗೆ ಪತ್ರಿಕೆಯ ಸುದ್ದಿ, ಕಥೆಯ ಸಂಭಾಷಣೆ, ಒಂದು ಸರ್ಕಾರಿ ಸುತ್ತೋಲೆ – ಮೂರನ್ನೂ 9, 10, 12 ಪಾಯಿಂಟಿನಲ್ಲಿ ಅಚ್ಚು ಹಾಕಿ. ಮನೆಯ ಹಿರಿಯರೊಬ್ಬರಿಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ‘ಹೇಗಿದೆ?’ ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ಎಲ್ಲಿ ತಡವರಿಸಿದರು ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ.

ಬ್ರೌಸರ್, ವರ್ಡ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನ್, ಮ್ಯಾಕ್ – ಎಲ್ಲದರಲ್ಲೂ ನೋಡಿ. ಜೋಡಣೆಯ ಎಂಜಿನ್ ಎಲ್ಲ ಕಡೆ ಒಂದೇ ಅಲ್ಲ. ಉಳಿದೆಲ್ಲ ಕಡೆ ಸರಿಯಾಗಿದ್ದು, ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಮಾತ್ರ ಒತ್ತು ಬಿಡಿಬಿಡಿಯಾದರೆ ಫಾಂಟನ್ನು ತಿದ್ದಲು ಹೋಗಬೇಡಿ. ಅಲ್ಲಿ ಪ್ಯಾರಾಗ್ರಾಫ್ ಕಂಪೋಸರನ್ನು ‘ವರ್ಲ್ಡ್-ರೆಡಿ’ಗೆ ಬದಲಿಸಬೇಕು. ಫಾಂಟಿನ ಜೊತೆ ಕೊಡುವ ಸೂಚನಾ ಕಡತದ ಮೊದಲ ಸಾಲಿನಲ್ಲೇ ಇದನ್ನು ಬರೆದುಬಿಡಿ, ಅರ್ಧದಷ್ಟು ದೂರವಾಣಿ ಕರೆಗಳು ಉಳಿಯುತ್ತವೆ.

## ಹಂತ 9: ಬಿಡುಗಡೆ, ಪರವಾನಗಿ, ಆಮೇಲಿನ ಕೆಲಸ

ಪಿಡಿಎಫ್‌ನೊಳಗೆ ಫಾಂಟ್ ಅಡಕವಾಗಲು ಅನುಮತಿ ಇದೆಯೇ ಎಂಬ ಗುರುತು ಫಾಂಟಿನಲ್ಲೇ ಇರುತ್ತದೆ. ಅದನ್ನು ಸೊನ್ನೆಗೆ, ಅಂದರೆ ನಿರ್ಬಂಧವಿಲ್ಲ ಎಂಬುದಕ್ಕೆ, ಇಡಿ. ನಿರ್ಬಂಧ ಹಾಕಿದರೆ ಮುದ್ರಣಾಲಯದಲ್ಲಿ ಪಿಡಿಎಫ್ ಕೈಕೊಡುತ್ತದೆ, ಕಳ್ಳತನವೇನೂ ನಿಲ್ಲುವುದಿಲ್ಲ.

ಮಾರುವುದಾದರೆ ಕಂಪ್ಯೂಟರ್, ಜಾಲತಾಣ, ಆ್ಯಪ್ – ಮೂರಕ್ಕೂ ಬೇರೆ ಬೇರೆ ದರ ಬರೆದಿಡಿ. ಯಾರಾದರೂ ತಮಗೆಂದೇ ಮಾಡಿಸಿಕೊಳ್ಳುವುದಾದರೆ ಮೂರು ವಿಷಯ ಕಾಗದದ ಮೇಲೆ ಬರಲಿ: ಎಷ್ಟು ಸುತ್ತು ತಿದ್ದುಪಡಿ, ಎಷ್ಟು ವರ್ಷ ಅವರಿಗೆ ಮಾತ್ರ, ಮೂಲ ಕಡತ ಯಾರ ಬಳಿ. ಮುಂಗಡವಿಲ್ಲದೆ ಒತ್ತುಗಳಿಗೆ ಕೈಹಾಕಬೇಡಿ. ‘ಹಳೆಯ ಎನ್‌ಕೋಡಿಂಗ್‌ನಲ್ಲೂ ಒಂದು ಮಾಡಿಕೊಡಿ’ ಎನ್ನುವ ಡಿಟಿಪಿಯವರು ಖಂಡಿತ ಬರುತ್ತಾರೆ. ಅದು ಇನ್ನೊಂದು ಫಾಂಟಿನಷ್ಟೇ ಕೆಲಸ, ದರವನ್ನೂ ಹಾಗೆಯೇ ಹೇಳಿ.

ದೋಷ ತಿಳಿಸುವವರಿಂದ ಚಿತ್ರದ ಜೊತೆ ಆ ಪದವನ್ನು ಪಠ್ಯವಾಗಿಯೂ, ಆ್ಯಪ್‌ನ ಹೆಸರು ಮತ್ತು ಆವೃತ್ತಿಯನ್ನೂ ಕೇಳಿ ಪಡೆಯಿರಿ. ಟೈಪಿಸಿದ ಕ್ರಮವೇ ತಪ್ಪಿರಬಹುದು. ತಿದ್ದಿದಾಗಲೆಲ್ಲ ಆವೃತ್ತಿಯ ಸಂಖ್ಯೆ ಏರಿಸಿ, ಆದರೆ ಬಿಡುಗಡೆಯಾದ ಅಕ್ಷರಗಳ ಅಗಲವನ್ನು ಮುಟ್ಟಬೇಡಿ. ಯಾರೋ ಪ್ರಕಾಶಕರ ಮುನ್ನೂರು ಪುಟದ ಪುಸ್ತಕದ ಸಾಲುಗಳೆಲ್ಲ ರಾತ್ರೋರಾತ್ರಿ ಜಾರಿಹೋಗುತ್ತವೆ. ಅಗಲ ಬದಲಿಸಲೇಬೇಕಾದರೆ ಹೆಸರಿನ ಮುಂದೆ 2 ಸೇರಿಸಿ ಬೇರೆ ಫಾಂಟಾಗಿ ಬಿಡಿ, ಹಳೆಯದೂ ಸಿಗುವಂತೆ ಇಟ್ಟಿರಿ.